ಸೂಜಿ ಮನೆಯ ವಿಲೀನ

ನಮ್ಮೂರಿನಲ್ಲಿ ಮನೆಯನ್ನು ಮನೆ ನುಂಗುತ್ತದೆ. ಅದನ್ನು ನುಂಗುವುದು ಎನ್ನಬಾರದು, ವಿಲೀನ ಎನ್ನಬೇಕು ಎಂದು ನನಗೆ ಕಲಿಸಿದವರು ಅಂದಾನಪ್ಪ ಸರ್. ನಾನಾಗ ಕಾನೂನು ಕಾಲೇಜಿಗೆ ಹೊಸಬಳು. ಕಪ್ಪು ಕೋಟು ಇನ್ನೂ ಹೊಲಿಸಿರಲಿಲ್ಲ. ಸರ್ ಹಲಗೆಯ ಮೇಲೆ ಒಂದು ದೊಡ್ಡ ಸುತ್ತು ಬರೆದು, ಅದರ ಪಕ್ಕ ಒಂದು ಸಣ್ಣ ಸುತ್ತು ಬರೆದು, ಸಣ್ಣದನ್ನು ಅಂಗೈಯಿಂದ ಒರೆಸಿಬಿಟ್ಟರು. "ಗಮನಿಸಿ. ಸಣ್ಣ ಮನೆ ಸತ್ತಿಲ್ಲ. ದೊಡ್ಡದರೊಳಗೆ ಬದುಕಿದೆ. ಸಾಯದೆಯೇ ಇಲ್ಲವಾಗುವುದು, ಇದೇ ಈ ಕಾನೂನಿನ ಸೌಂದರ್ಯ." ತರಗತಿಯೆಲ್ಲ ಬರೆದುಕೊಂಡಿತು. ನಾನೂ ಬರೆದುಕೊಂಡೆ. ಅವರ ಅಂಗೈಗೆ ಹತ್ತಿದ ಸುಣ್ಣವನ್ನು ಅವರು ಕರವಸ್ತ್ರದಿಂದ ಒರೆಸಿಕೊಂಡ ರೀತಿ ಮಾತ್ರ ನನಗೆ ಸೇರಲಿಲ್ಲ.

ಊರಿನವರಿಗೆ ಇದೆಲ್ಲ ಹೊಸದಲ್ಲ. ವಿಲೀನದ ದಿನ ಸಣ್ಣ ಮನೆಯ ಒಲೆ ತಾನಾಗಿ ಆರುತ್ತದೆ, ಆಮೇಲೆ ಎಷ್ಟು ಊದಿದರೂ ಹತ್ತುವುದಿಲ್ಲ. ಮನೆಯವರು ಗೋಡೆಯ ಮೇಲಿನ ಹಿರಿಯರ ಪಟ ಇಳಿಸಿ, ತಾಟು ಲೋಟ ಹಿಡಿದುಕೊಂಡು ದೊಡ್ಡ ಮನೆಗೆ ಹೋಗುತ್ತಾರೆ. ಅಲ್ಲಿನ ಹೆಸರು ಇವರ ಹೆಸರು, ಅಲ್ಲಿನ ದೇವರು ಇವರ ದೇವರು, ಅಲ್ಲಿ ಸತ್ತವರು ಇವರ ಸತ್ತವರು. ಶಾಲೆಯಲ್ಲಿ ಹಾಜರಿ ಕೂಗುವಾಗ ಕೆಲವು ಮಕ್ಕಳು ತುಸು ತಡವಾಗಿ "ಹಾಜರ್" ಎನ್ನುತ್ತಾರೆ. ಮಾಸ್ತರರು ಅದಕ್ಕೆ ಬೈಯುವುದಿಲ್ಲ. ಸಂತೆಯಲ್ಲಿ ಉಪ್ಪು ಮಾರುವ ಮೈಲಾರಪ್ಪನ ಮನೆ ಮೂರು ಸಲ ವಿಲೀನವಾಗಿದೆ. ಯಾರಾದರೂ ಅವನ ಮನೆತನದ ಅಡ್ಡಹೆಸರು ಕೇಳಿದರೆ "ಈ ತಿಂಗಳದ್ದು ಹೇಳ್ಲೇನು?" ಎನ್ನುತ್ತಾನೆ. ಕೇಳಿದವರು ನಗುತ್ತಾರೆ. ಅವನು ನಗುವುದಿಲ್ಲ.

ನಮ್ಮದು ಸೂಜಿ ಮನೆ. ಕೌದಿ ಹೊಲಿಯುವವರು. ನಮ್ಮ ಅಜ್ಜಿ ನಿಂಗವ್ವ, ನಮ್ಮವ್ವ ಗುರುಬಾಯಿ, ಅಪ್ಪನ ತಮ್ಮ ರುದ್ರಪ್ಪ ಕಾಕಾ, ನಾನು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಹೋದರು. ಊರಿನ ಹೆಂಗಸರು ಹಳೆಯ ಸೀರೆ, ಹರಿದ ಧೋತರ, ಮಕ್ಕಳ ಅಂಗಿ ತಂದು ಕೊಡುತ್ತಿದ್ದರು. ಅಜ್ಜಿ ಅವನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಇಟ್ಟು, ಅಂಚಿನಿಂದ ನಡುವಿನ ತನಕ ಓಡುಹೊಲಿಗೆ ಹಾಕುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೆ ಆ ಕೆಲಸ ಅವ್ವನದಾಯಿತು. ಕಾಕಾ ಮದುವೆಯಾಗಲಿಲ್ಲ. ನೂಲು ತರುವುದು, ದಪ್ಪ ಪದರಿಗೆ ದಬ್ಬಣ ಹಾಕುವುದು ಅವರ ಪಾಲಿನ ಕೆಲಸ.

ಕಾಲೇಜು ಕೆರೆಯ ಆಚೆಯ ಗುಡ್ಡದ ಮೇಲಿತ್ತು. ಮೊದಲ ವರ್ಷದವರು ಹಾಸ್ಟೆಲಿನಲ್ಲೇ ಇರಬೇಕೆಂದು ನಿಯಮ. ಅದಕ್ಕೆ ಸಿಟ್ಟಾಗುವ ಕಾರಣ ನನಗಾಗ ತಿಳಿದಿರಲಿಲ್ಲ.

ತಿಳಿದದ್ದು ಒಂದು ಮಂಗಳವಾರ. ಅಂದು ವಿನಿಮಯ ಪ್ರಮಾಣದ ಪಾಠ. ಸಣ್ಣ ಮನೆಯ ಎಷ್ಟು ಮಂದಿ ಸೇರಿದರೆ ದೊಡ್ಡ ಮನೆಯ ಒಬ್ಬನಿಗೆ ಸಮ ಎಂದು ಗೊತ್ತುಮಾಡುವ ವಿದ್ಯೆ ಅದು. ದೊಡ್ಡ ಮನೆಯಲ್ಲಿ ಯಾವ ಮಾತಿಗೆ ಎಷ್ಟು ತೂಕ, ಊಟದ ಸಾಲಿನಲ್ಲಿ ಯಾರು ಎಲ್ಲಿ ಕೂಡಬೇಕು, ಎಲ್ಲ ಅದರ ಮೇಲೆ ನಿಂತಿರುತ್ತದೆ. ಅಂದಾನಪ್ಪ ಸರ್ ಹಲಗೆಗೆ ಬೆನ್ನು ಕೊಟ್ಟು ನಿಂತು ಒಂದು ಲೆಕ್ಕ ಹೇಳಿದರು. "ಒಂದು ಸಣ್ಣ ಮನೆ. ಒಬ್ಬ ಮುದುಕಿ, ಕಣ್ಣಿಗೆ ಪೊರೆ. ಒಬ್ಬ ವಿಧವೆ, ಕೈಗೆಲಸ ಬಲ್ಲವಳು. ಅವಳ ಮೈದುನ, ಅವಿವಾಹಿತ. ಒಬ್ಬ ಮಗಳಿದ್ದಾಳೆ, ಹಾಸ್ಟೆಲಿನಲ್ಲಿ. ಅವಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪ್ರಮಾಣ ಹೇಳಿ."

ತರಗತಿಯಲ್ಲಿ ಪೆನ್ನುಗಳು ಓಡತೊಡಗಿದವು. ಹಿಂದಿನ ಸಾಲಿನ ಒಬ್ಬ "ಮೂರಕ್ಕೆ ಒಂದು ಸರ್" ಎಂದ. ಇನ್ನೊಬ್ಬ, "ಮುದುಕಿನ ಯಾಕ ಹಿಡೀಬೇಕು ಸರ್? ಎರಡಕ್ಕ ಅರ್ಧಾ ಅನ್ರಿ" ಎಂದ. ನಗು ಎದ್ದಿತು. ಸರ್ ಕೂಡ ಮೆಚ್ಚಿಕೊಂಡು ನಕ್ಕರು.

ನಾನು ಯಾವಾಗ ಎದ್ದು ನಿಂತೆನೋ ನನಗೆ ಗೊತ್ತಿಲ್ಲ. ಪಕ್ಕದಲ್ಲಿದ್ದ ಗೆಳತಿ ಜುಲೇಖಾ ನನ್ನ ಸೆರಗು ಜಗ್ಗಿದ್ದು ನೆನಪಿದೆ.

"ಸರ್, ಇದು ನಮ್ಮ ಮನಿ."

"ಇದು ಉದಾಹರಣೆ."

"ಆ ಮುದುಕಿ ನಮ್ಮಜ್ಜಿ ಸರ್. ಹಾಸ್ಟೆಲಿನ ಮಗಳು ನಾನು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾಚಿಕೆಯಾಗಲಿ ಗಾಬರಿಯಾಗಲಿ ಆ ಮುಖದಲ್ಲಿ ಇರಲಿಲ್ಲ. "ಹೌದೇನು? ಹಾಗಾದರೆ ನಿನಗೆ ಈ ಪಾಠ ಬೇಗ ತಿಳಿಯುತ್ತದೆ, ಶಿವಲೀಲಾ. ನಿಮ್ಮ ಮನೆಯನ್ನು ವಿಲೀನ ಮಾಡಿಕೊಳ್ಳುವ ಏಳುಕಂಬದ ಮನೆಯವರ ಯೋಜನೆ ನಾನೇ ಬರೆಯುತ್ತಿದ್ದೇನೆ. ಜೀವಂತ ಉದಾಹರಣೆ ಸಿಕ್ಕರೆ ವಿದ್ಯಾರ್ಥಿಗಳಿಗೆ ಒಳ್ಳೆಯದಲ್ಲವೆ? ಕೂಡು."

ನಾನು ಕೂಡಲಿಲ್ಲ. ಚೀಲ ತೆಗೆದುಕೊಂಡು ಹೊರಗೆ ನಡೆದೆ. ಕೆರೆಯ ದಂಡೆಗುಂಟ ನಡೆದು ಮನೆ ಮುಟ್ಟುವ ತನಕ ನನ್ನ ಕಿವಿಯಲ್ಲಿ "ಎರಡಕ್ಕ ಅರ್ಧಾ" ಎಂಬುದೊಂದೇ ಮಾತು ಕುಟ್ಟುತ್ತಿತ್ತು.

ಮನೆಯಲ್ಲಿ ಅವ್ವ ಎಂದಿನಂತೆ ನೆಲದ ಮೇಲೆ ಕೌದಿ ಹರವಿಕೊಂಡು ಕೂತಿದ್ದಳು. ಕಾಕಾ ಬಾಗಿಲಲ್ಲಿ ಹೊಸ ಚಪ್ಪಲಿ ಹಾಕಿ ನೋಡುತ್ತಿದ್ದರು. ನಾನು ಕೇಳುವ ಮೊದಲೇ ಅವರೇ ಹೇಳಿದರು.

"ನಾ ಒಪ್ಪೀನಿ. ನಿಮ್ಮಜ್ಜಿನೂ ಒಪ್ಯಾಳ. ಕಣ್ಣಿನ ಆಪರೇಷನ್ ಅವರ ಮಾಡಸ್ತಾರಂತ. ಮೂವರೊಳಗ ಇಬ್ಬರು ಒಪ್ಪಿದ್ರ ಸಾಕಂತ ಕಾನೂನು."

"ನಾ ಒಬ್ಬಾಕಿ ಇದ್ದೀನಲ್ಲ ಕಾಕಾ."

"ನೀ ಹಾಸ್ಟೆಲಿನ್ಯಾಗ ಉಣ್ತಿ. ಈ ಒಲಿ ಮ್ಯಾಲಿನ ಅನ್ನ ಉಂಡವರಿಗಷ್ಟ ಮಾತಂತ." ಆಮೇಲೆ ದನಿ ತಗ್ಗಿಸಿ ತಮ್ಮ ಕೈ ಚಾಚಿದರು. "ಈ ಬೆರಳ ನೋಡವಾ. ದಬ್ಬಣ ಚುಚ್ಚಿ ಚುಚ್ಚಿ ಬಿಸಿ ಯಾವುದು, ತಣ್ಣಂದು ಯಾವುದು ಗೊತ್ತಾಗೂದಿಲ್ಲ. ನನಗೂ ಒಂದಿನ ಕಂಬಕ್ಕ ಬೆನ್ನು ಹಚ್ಚಿ ಸುಮ್ನ ಕೂಡಬೇಕನಸತೈತಿ. ತಪ್ಪೇನು?"

ಕಾಕಾನ ಮೇಲೆ ಸಿಟ್ಟು ಬರಲಿಲ್ಲ. ಅವರ ದಣಿವನ್ನು ಹಿಡಿದು ನಮ್ಮ ಮನೆಯ ಅಗಳಿ ತೆಗೆದವರ ಮೇಲೆ ಬಂತು.

ಯೋಜನೆಯ ಪ್ರತಿ ದೇವರ ಗೂಡಿನಲ್ಲಿತ್ತು. ಓದಿದೆ. ಏಳುಕಂಬದ ಮನೆಯವರದು ಕಂಬಳಿ ಕಾರ್ಖಾನೆ. ಊರಿನ ಹೆಂಗಸರು ಕೌದಿ ಬಿಡದಿದ್ದರೆ ಅವರ ಕಂಬಳಿ ಮಾರಿ ಹೋಗುವುದಿಲ್ಲ. ಅವರಿಗೆ ನಮ್ಮ ಕೌದಿ ಬೇಕಾಗಿರಲಿಲ್ಲ, ಅದು ಇಲ್ಲವಾಗಬೇಕಾಗಿತ್ತು. ಒಂಬತ್ತನೆಯ ಕಲಮು ಹೀಗಿತ್ತು: ವಿಲೀನವಾದ ಮನೆಯ ಯಾರೂ ಮುಂದೆ ಕೌದಿ ಹೊಲಿಯತಕ್ಕದ್ದಲ್ಲ, ಇನ್ನೊಬ್ಬರಿಗೆ ಕಲಿಸತಕ್ಕದ್ದಲ್ಲ, ಓಡುಹೊಲಿಗೆಯನ್ನು ಯಾವ ಬಟ್ಟೆಯ ಮೇಲೂ ಹಾಕತಕ್ಕದ್ದಲ್ಲ.

ಅವ್ವನಿಗೆ ಓದಿ ಹೇಳಿದೆ. ಅವಳು ನೂಲನ್ನು ಹಲ್ಲಿನಿಂದ ಕಡಿದು, "ಹರದ ಕುಪ್ಪಸಾನೂ ಹೊಲೀಬಾರದೇನು?" ಎಂದಳು.

"ಇಲ್ಲ."

"ನಂದು ಒಮ್ಮಿ ಆಗೈತಿ ವಿಲೀನ, ಮದುವಿ ದಿನ," ಎಂದಳು ಅವ್ವ. "ಹೆಸರು ಬಿಟ್ಟೆ, ಮನಿದೇವರ ಬಿಟ್ಟೆ, ಸಾರಿಗೆ ಹುಳಿ ಹಾಕೂ ಪದ್ಧತಿನೂ ಬಿಟ್ಟೆ. ಈ ಕೈ ಒಂದ ತವರಿಂದ ಬಂದದ್ದು. ಇದನ್ನೂ ಬಿಡು ಅಂದ್ರ ಆಗೂದಿಲ್ಲ. ಆದ್ರ ನನ್ನ ಮಾತು ಮೂರರೊಳಗ ಒಂದು."

ಹಾಸ್ಟೆಲಿಗೆ ಮರಳಿದ ಮೇಲೆ ನಾನು ಗ್ರಂಥಾಲಯದಲ್ಲೇ ಉಳಿದುಬಿಟ್ಟೆ. ಓದಿದಷ್ಟೂ ಮೈ ಉರಿಯುತ್ತಿತ್ತು. ಎಂಥ ನಯವಾದ ಭಾಷೆ. ಹೆದರಿಸುವುದಕ್ಕೆ ಆಹ್ವಾನ ಎಂಬ ಹೆಸರು, ಮನೆ ಹೊಕ್ಕು ಉಪ್ಪಿನಕಾಯಿ ಭರಣಿಯ ತನಕ ಕೆದಕುವುದಕ್ಕೆ ಪರಿಶೀಲನೆ ಎಂಬ ಹೆಸರು, ಬಾಯಿ ಮುಚ್ಚಿಸುವುದಕ್ಕೆ ಒಮ್ಮತ ಎಂಬ ಹೆಸರು. ಮನೆಯ ಸದಸ್ಯರಲ್ಲದವರಿಗೆ ಆಕ್ಷೇಪದ ಹಕ್ಕಿಲ್ಲ ಎಂದು ಪ್ರತಿ ಪುಸ್ತಕವೂ ಹೇಳಿತು. ಯಾರ ಸಲುವಾಗಿ ಬರೆದ ಪುಸ್ತಕಗಳು ಇವು ಎಂದು ಜುಲೇಖಾಳನ್ನು ಕೇಳಿದೆ. ಅವಳು ತಲೆ ಎತ್ತದೆ, "ಬರೆಸಿದವರ ಸಲುವಾಗಿ. ಆದ್ರೂ ಓದು. ಅವರೂ ಎಲ್ಲಾ ಓದಿ ಬರದಿರೂದಿಲ್ಲ" ಎಂದಳು.

ಅಂದಾನಪ್ಪ ಸರ್ ಅವರ ಮುಂದಿನ ಪಾಠಕ್ಕೆ ನಾನು ಹೋದೆ. ಹೋಗಬಾರದು ಎನಿಸಿತ್ತು, ಆದರೆ ಹೋದೆ. ಅಂದು ಅವರು ಹೇಳಿದ್ದು ಹೊಣೆಗಳ ಬಗ್ಗೆ. "ಮನೆ ಬಂದರೆ ಮನೆಯ ಹೊಣೆಯೂ ಬರುತ್ತದೆ. ಹಣ್ಣು ನುಂಗುವವನು ಬೀಜವನ್ನು ಹೊರಗಿಟ್ಟು ನುಂಗಲಾಗದು. ಸಣ್ಣ ಮನೆ ಯಾರಿಗೆ ಏನು ಕೊಡಬೇಕಾಗಿದೆಯೋ, ಅದನ್ನು ದೊಡ್ಡ ಮನೆ ಕೊಡಬೇಕು. ಪಡೆಯಬೇಕಾದವರು ವಿಲೀನ ಮಂಡಳಿಯ ಮುಂದೆ ಬಂದು ಕೇಳಬಹುದು." ನನ್ನನ್ನು ನೋಡದೆಯೇ ಹೇಳಿದರು. ನಾನು ಅಲ್ಲಿದ್ದೇನೆ ಎಂಬುದು ಅವರ ಲೆಕ್ಕದಲ್ಲಿ ಇದ್ದಿರಲಿಕ್ಕಿಲ್ಲ.

ನಮ್ಮ ಮನೆ ಕೊಡಬೇಕಾದದ್ದು ಒಂದಿತ್ತು. ಅಜ್ಜಿ ಹರೆಯದಲ್ಲಿದ್ದಾಗ ನಮ್ಮ ಹಿಂದಿನ ಕುಂಬಾರ ಓಣಿಯಲ್ಲಿ ಒಂದು ಕೂಸು ಚಳಿಗೆ ಸತ್ತಿತು. ಹೊದಿಸಲು ಮನೆಯಲ್ಲಿ ಗೋಣಿ ಬಿಟ್ಟು ಬೇರೆ ಇರಲಿಲ್ಲ. ಅಂದು ಅಜ್ಜಿ ಓಣಿಯ ನಡುವೆ ನಿಂತು, ಇನ್ನು ಈ ಓಣಿಯಲ್ಲಿ ಹುಟ್ಟುವ ಯಾವ ಕೂಸೂ ಬರಿನೆಲದ ಮೇಲೆ ಮಲಗುವುದಿಲ್ಲ, ಸೂಜಿ ಮನೆ ಕೌದಿ ಹೊಲಿದು ಕೊಡುತ್ತದೆ ಎಂದು ಮಾತು ಕೊಟ್ಟಳು. ಬಸುರಿ ಹೆಂಗಸು ತನ್ನ ತಾಯಿಯ ಹಳೆಯ ಸೀರೆ ತಂದುಕೊಡಬೇಕು, ಅಷ್ಟೇ. ನಾನು ಹುಟ್ಟುವ ಮೊದಲಿನಿಂದ ನಡೆದುಬಂದದ್ದು. ಅದೊಂದು ಹೊಣೆ ಎಂದು ನಮ್ಮಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ಭಾನುವಾರ ಕುಂಬಾರ ಓಣಿಗೆ ಹೋದೆ. ಹೊನ್ನವ್ವ ಎಂಬವಳು ತುಂಬಿದ ಬಸುರಿ, ಮಡಕೆ ತಟ್ಟುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ ಕೈ ತೊಳೆದುಕೊಂಡಳು.

"ನಮ್ಮ ಮನಿಯಾವ ಅವರ ಕಾರ್ಖಾನ್ಯಾಗ ದುಡೀತಾನ. ಮಂಡಳಿ ಮುಂದ ನಾ ನಿಂತ್ರ ನಾಳಿ ಅವನ್ನ ಒಳಗ ಬಿಡ್ತಾರೇನು?"

"ಬಿಡೂದಿಲ್ಲ ಅನಸತೈತಿ," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಒಳಗೆ ಹೋಗಿ ಒಂದು ಮಾಸಿದ ಹಸಿರು ಸೀರೆ ತಂದಳು. "ನಮ್ಮವ್ವ ಸಾಯೂ ಮುಂದ ಇದನ್ನ ತಗದಿಟ್ಟಿದ್ಲು. ನಿನ್ನ ಕೂಸಿಗೆ ಸೂಜಿ ಮನ್ಯಾಗ ಕೊಡು ಅಂದಿದ್ಲು. ಕಾರ್ಖಾನಿ ಕಂಬಳಿಯೊಳಗ ನಮ್ಮವ್ವ ಎಲ್ಲಿರ್ತಾಳ? ಬರ್ತೀನಿ ನಡಿ. ಉಳಿದವರನ್ನೂ ಕೇಳ್ತೀನಿ. ಬರೂದು ಬಿಡೂದು ಅವರಿಗೆ ಬಿಟ್ಟಿದ್ದು."

ವಿಲೀನ ಮಂಡಳಿ ಕೂಡುವುದು ಹಳೆಯ ಹತ್ತಿಯ ಉಗ್ರಾಣದಲ್ಲಿ. ಅಧ್ಯಕ್ಷೆ ಸರೋಜಿನಿ ದೇಸಗತಿ ಎಂಬ ವಯಸ್ಸಾದ ಹೆಂಗಸು. ಅವರು ನಕ್ಕದ್ದನ್ನು ಕಂಡವರಿಲ್ಲ, ತಿರಸ್ಕರಿಸಿದ ಯೋಜನೆಯೂ ಇಲ್ಲ ಎಂದು ಊರಿನವರು ಹೇಳುತ್ತಿದ್ದರು. ಒಂದು ಬದಿಗೆ ಅಂದಾನಪ್ಪ ಸರ್, ಅವರ ಪಕ್ಕ ಏಳುಕಂಬದ ಮನೆಯ ಯಜಮಾನ ವೀರಭದ್ರಗೌಡ. ಇನ್ನೊಂದು ಬದಿಗೆ ನಮ್ಮ ಮೂವರು. ಕಾಕಾ ಹೊಸ ಚಪ್ಪಲಿಯಲ್ಲಿದ್ದರು. ನಾನು ಗೋಡೆಗೆ ಒತ್ತಿ ನಿಂತಿದ್ದೆ, ಅಲ್ಲಿ ನಿಲ್ಲುವುದಕ್ಕಷ್ಟೇ ನನಗೆ ಹಕ್ಕಿತ್ತು.

ಸರ್ ಯೋಜನೆ ಓದಿದರು. ಮೂರಕ್ಕೆ ಒಂದು ಎಂಬ ಪ್ರಮಾಣ ಓದುವಾಗ ಅವರ ದನಿ ಎಲ್ಲಿಯೂ ತಡವರಿಸಲಿಲ್ಲ. ಆಕ್ಷೇಪವೇನಾದರೂ ಇದೆಯೆ ಎಂದು ಅಧ್ಯಕ್ಷೆ ರೂಢಿಯಂತೆ ಕೇಳಿದರು, ಉತ್ತರಕ್ಕೆ ಕಾಯದೆ ಮೊಹರಿಗೆ ಕೈ ಹಾಕಿದರು.

"ನಮಗ ಕೊಡಬೇಕಾದ್ದೈತ್ರಿ," ಎಂದಳು ಹೊನ್ನವ್ವ, ಬಾಗಿಲಲ್ಲಿ ನಿಂತು. ಅವಳ ಹಿಂದೆ ಕುಂಬಾರ ಓಣಿಯ ಹೆಂಗಸರು, ಎಲ್ಲರ ಕಂಕುಳಲ್ಲೂ ಹಳೆಯ ಸೀರೆ. ಬಂದೇ ಬರುತ್ತೇವೆ ಎಂದಿದ್ದ ಕೆಲವರು ಬಂದಿರಲಿಲ್ಲ. ಬಂದವರು ಸಾಕಿತ್ತು.

ಸರ್ ಎದ್ದರು. "ಬಾಯಿಮಾತು ಹೊಣೆಯಲ್ಲ. ಬರಹವಿಲ್ಲ, ಸಾಕ್ಷಿಯಿಲ್ಲ, ಅವಧಿಯಿಲ್ಲ. ಇದು ದಾನ. ದಾನವನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು."

"ಸರ್," ಎಂದೆ ನಾನು ಗೋಡೆಯ ಬಳಿಯಿಂದ. "ದಾನ ಆದ್ರ ಅವರು ಸೀರಿ ಯಾಕ ತರಬೇಕು? ಅವರು ಕೊಡ್ತಾರ, ನಾವು ಕೊಡ್ತೀವಿ. ಅದಕ್ಕ ಕರಾರು ಅಂತಾರ. ನೀವ ಕಲಿಸೀರಿ."

"ನಿನಗೆ ಇಲ್ಲಿ ಮಾತಾಡುವ ಹಕ್ಕಿಲ್ಲ."

"ಇಲ್ಲ," ಎಂದರು ಅಧ್ಯಕ್ಷೆ. "ಆಕಿಗೆ ಇಲ್ಲ. ಆದ್ರ ಆಕಿ ಹೇಳಿದ್ದನ್ನ ನನ್ನ ಕಿವಿ ಕೇಳಿ ಆತು." ಮೊಹರನ್ನು ಬದಿಗಿಟ್ಟು ಅಜ್ಜಿಯ ಕಡೆ ತಿರುಗಿದರು. "ನಿಂಗವ್ವ, ಮಾತು ಕೊಟ್ಟಿದ್ದು ಖರೇ ಏನು?"

ಅಜ್ಜಿ ದನಿ ಬಂದ ದಿಕ್ಕಿಗೆ ಮುಖ ಮಾಡಿದಳು. "ಕೊಟ್ಟೀನ್ರಿ."

"ಎಲ್ಲಿ ತನಕ?"

"ಕೂಸು ಹುಟ್ಟೂದು ಎಂದ ನಿಂದರತೈತಿ, ಅಲ್ಲೀ ತನಕ."

ಅಧ್ಯಕ್ಷೆ ವೀರಭದ್ರಗೌಡನನ್ನು ಕೇಳಿದರು. "ಮನಿ ಜೊತಿ ಈ ಹೊಣಿ ನಿಮಗ ಬರತೈತಿ. ಕುಂಬಾರ ಓಣ್ಯಾಗ ಹುಟ್ಟೂ ಪ್ರತಿ ಕೂಸಿಗೂ ಕೈಯಿಂದ ಹೊಲದ ಕೌದಿ. ಒಂಬತ್ತನೇ ಕಲಮಿನ ಪ್ರಕಾರ ಈ ಗುರುಬಾಯಿ ಹೊಲೀಬಾರದು, ಕಲಸಬಾರದು. ಹಂಗಾದ್ರ ಹೊಲಿಯೂವರು ಯಾರು? ನೀವೇನು?"

ಉಗ್ರಾಣದಲ್ಲಿ ಯಾರೋ ಕೆಮ್ಮಿದರು. ಗೌಡ ತನ್ನ ವಕೀಲನ ಕಡೆ ನೋಡಿದ. ಅಂದಾನಪ್ಪ ಸರ್ ಪುಟ ತಿರುವುತ್ತಿದ್ದರು.

"ಒಂಬತ್ತನೇ ಕಲಮು ತಗದ್ರ ಈ ಮನಿ ನಮಗ್ಯಾಕ?" ಎಂದ ಗೌಡ ಕಡೆಗೆ. ಮನದ ಮಾತು ಬಾಯಿಗೆ ಬಂದದ್ದು ಅವನಿಗೇ ಗೊತ್ತಾಗಲಿಲ್ಲವೇನೋ. ಎಲ್ಲರೂ ಕೇಳಿದ್ದರು. ಯೋಜನೆ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಎದ್ದು ನಡೆದ. ಆ ಕೂಸುಗಳಿಗೆ ಕಾರ್ಖಾನೆಯ ಕಂಬಳಿ ಕೊಡುತ್ತೇನೆ ಎಂದು ಒಂದು ಮಾತಾದರೂ ಆಡಬಹುದಿತ್ತು, ಅದನ್ನೂ ಆಡಲಿಲ್ಲ.

ಗೆದ್ದೆವು ಎಂದು ಯಾರೂ ಕೇಕೆ ಹಾಕಲಿಲ್ಲ. ಹಾಕುವಂಥದ್ದೂ ಇರಲಿಲ್ಲ. ಹೊನ್ನವ್ವನ ಗಂಡನನ್ನು ಕಾರ್ಖಾನೆಯ ಗೇಟಿನಲ್ಲೇ ತಡೆದರು; ಅವನೀಗ ಅವಳ ಜೊತೆ ಮಣ್ಣು ತುಳಿಯುತ್ತಾನೆ. ಅಜ್ಜಿಯ ಕಣ್ಣಿನ ಮಾತು ಅಲ್ಲಿಗೇ ನಿಂತಿತು. ದಾರಿಯಲ್ಲಿ ಕಾಕಾ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದರು. "ನಿನ್ನ ಕಾನೂನು ಗೆದ್ದೈತಿ," ಎಂದರು ನನಗೆ. "ನಿಮ್ಮಜ್ಜಿಗೆ ಕಾಣೂದು ಯಾವಾಗ?" ನಾನು ಉತ್ತರಿಸುವ ಮೊದಲೇ ಅಜ್ಜಿ, "ನನಗ ಕಾಣೂದು ನನಗ ಕಂಡೈತಿ, ನೀ ಸುಮ್ನ ಕೈ ಹಿಡಕೊಂಡು ನಡಿ" ಎಂದು ಗದರಿದಳು. ಕಾಕಾ ಕೈ ಹಿಡಿದುಕೊಂಡರು. ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ಅವಳ ಹೆಸರನ್ನು ಬರೆಸಿದವರೂ ಅವರೇ. ಆ ಸಾಲು ಇನ್ನೂ ಮುಂದೆ ಸರಿಯುತ್ತಿದೆ.

ವಾರ ಕಳೆದು ಕಾಲೇಜಿಗೆ ಹೋದಾಗ ಅಂದಾನಪ್ಪ ಸರ್ ಎಂದಿನ ಉತ್ಸಾಹದಲ್ಲಿ ಪಾಠಕ್ಕೆ ಬಂದರು. ಹಲಗೆಯ ಮೇಲೆ "ಸೂಜಿ ಮನೆ ಪ್ರಕರಣ" ಎಂದು ಬರೆದರು. ನಾನು ತಲೆ ಎತ್ತಿದೆ. ನಮ್ಮ ಹೆಸರು ಮೊದಲ ಸಲ ಆ ಹಲಗೆಯ ಮೇಲೆ ಬಂದಿತ್ತು, ಒಂದು ಕ್ಷಣ ಎದೆ ಉಬ್ಬಿದ್ದೂ ಹೌದು. ಅವರು ಮುಂದುವರಿದರು. "ಇದೊಂದು ಬರವಣಿಗೆಯ ದೋಷ. ಯೋಜನೆಯಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಸಣ್ಣ ಮನೆಯವರು ಕೊಟ್ಟ ಬಾಯಿಮಾತುಗಳೆಲ್ಲ ವಿಲೀನದ ದಿನಕ್ಕೆ ರದ್ದಾಗತಕ್ಕದ್ದು ಎಂಬ ಸಾಲು. ಇನ್ನು ಮುಂದೆ ಪ್ರತಿ ಯೋಜನೆಯಲ್ಲೂ ಇದು ಇರಬೇಕು. ಬರೆದುಕೊಳ್ಳಿ."

ಎಲ್ಲರೂ ಬರೆದುಕೊಂಡರು. ಕಾಯುತ್ತ ನಿಂತಿದ್ದ ಸೀರೆಗಳು, ಅಜ್ಜಿ ಆ ಓಣಿಯಲ್ಲಿ ನಿಂತು ಆಡಿದ ಮಾತು, ಹೊನ್ನವ್ವನ ಮನೆ ಕಳೆದುಕೊಂಡ ಸಂಬಳ, ಎಲ್ಲ ಸೇರಿ ಒಂದು ಬರವಣಿಗೆಯ ದೋಷ. ಜುಲೇಖಾ ತನ್ನ ಪೆನ್ನಿಗೆ ಮುಚ್ಚಳ ಹಾಕಿದಳು.

ವಾರ್ಷಿಕ ಪರೀಕ್ಷೆಯಲ್ಲಿ ಅದೇ ಬಂತು. ಬಾಯಿಮಾತಿನ ಹೊಣೆಗಳನ್ನು ತೊಡೆದುಹಾಕುವ ಕಲಮನ್ನು ರಚಿಸಿರಿ. ಎಲ್ಲಕ್ಕಿಂತ ಹೆಚ್ಚು ಅಂಕಗಳ ಪ್ರಶ್ನೆ. ನಾನು ಆ ಪುಟವನ್ನು ಖಾಲಿ ಬಿಟ್ಟು ಎದ್ದು ಬಂದೆ. ಹಾಗೆ ಎದ್ದು ಬಂದದ್ದು ನನಗೆ ದೊಡ್ಡ ಕೆಲಸದಂತೆ ಕಂಡಿತ್ತು. ಆ ವಿಷಯದಲ್ಲಿ ನಪಾಸಾದೆ.

ಅವ್ವನಿಗೆ ಹೇಳಿದೆ. ಬೈಯುತ್ತಾಳೆ, ಇಲ್ಲವೆ ಭೇಷ್ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಲಿಗೆ ನಿಲ್ಲಿಸದೆ ಕೇಳಿದಳು.

"ಖಾಲಿ ಬಿಟ್ರ ಅವರಿಗೇನಾತು?"

"ಏನೂ ಆಗಲಿಲ್ಲ."

"ಆ ಕಲಮು ನಾಳಿ ಇನ್ನೊಬ್ಬರ ಮನಿ ಬಾಗಲಿಗೆ ಬರತೈತಿ. ಅದು ಹ್ಯಾಂಗ ಬರೀತಾರಂತ ನಿನಗ ಗೊತ್ತಿರಬೇಕು. ಹ್ಯಾಂಗ ಬಿಚ್ಚಬೇಕಂತ ಅವರಿಗಿಂತ ಮೊದಲ ಗೊತ್ತಿರಬೇಕು. ಸಿಟ್ಟು ಬಂದ್ರ ಸುಮ್ನ ಕೂಡೂದೇನು?"

ಮರುಪರೀಕ್ಷೆ ಬೇಸಿಗೆಯಲ್ಲಿ. ನಪಾಸಾದ ಕೆಲವರು ಮಾತ್ರ ದೊಡ್ಡ ಕೋಣೆಯಲ್ಲಿ ದೂರ ದೂರ ಕೂತಿದ್ದೆವು. ಮೇಲ್ವಿಚಾರಣೆಗೆ ಅಂದಾನಪ್ಪ ಸರ್ ಅವರೇ ಇದ್ದರು. ಅದೇ ಪ್ರಶ್ನೆ ಬಂದಿತ್ತು. ನಾನು ಆ ಕಲಮನ್ನು ಬರೆದೆ, ಅವರು ಹೇಳಿಕೊಟ್ಟದ್ದಕ್ಕಿಂತ ಬಿಗಿಯಾಗಿ, ಒಂದು ನೂಲೆಳೆ ಜಾರದಂತೆ. ಆಮೇಲೆ ಅದರ ಕೆಳಗೆ ಗೆರೆ ಎಳೆದು, ಈ ಕಲಮು ಎಲ್ಲೆಲ್ಲಿ ಹರಿಯುತ್ತದೆ ಎಂದು ಬರೆಯತೊಡಗಿದೆ. ಮಾತು ಪಡೆದವರನ್ನು ಕೇಳದೆ ಮಾತನ್ನು ರದ್ದು ಮಾಡಲು ಕೊಟ್ಟವರಿಗೇ ಹಕ್ಕಿಲ್ಲದಿರುವಾಗ ಮನೆ ನುಂಗಿದವರಿಗೆ ಎಲ್ಲಿಂದ ಬಂತು ಎಂಬಲ್ಲಿಂದ ಶುರುಮಾಡಿದೆ. ಬರೆದಷ್ಟೂ ದಾರಿ ಕಾಣುತ್ತ ಹೋಯಿತು. ಉತ್ತರಪತ್ರಿಕೆ ತುಂಬಿತು. ನಾನು ಇನ್ನೊಂದು ಹಾಳೆಗಾಗಿ ಕೈ ಎತ್ತಿದೆ.

ಅಂದಾನಪ್ಪ ಸರ್ ಹತ್ತಿರ ಬಂದು ನಿಂತು, ನನ್ನ ಪುಟದ ಮೇಲೆ ಕಣ್ಣಾಡಿಸಿದರು. ಓದುತ್ತ ಓದುತ್ತ ಅವರ ಮುಖ ಬಿಗಿಯಿತು.

"ಕೇಳಿದ್ದು ಕಲಮನ್ನು ಮಾತ್ರ. ಉಳಿದದ್ದಕ್ಕೆ ಅಂಕವಿಲ್ಲ."

"ಅಂಕಾ ಬ್ಯಾಡ್ರಿ ಸರ್," ಎಂದೆ. "ಹಾಳಿ ಕೊಡ್ರಿ."